ಕ್ಯಾಮ್ ಗೇರ್ ತಿರುಗಿಸೋ ಮುಂಚೆ: ಟರ್ಬೊ ಎಂಜಿನ್ನಿನ ಎರಡು ಬಾಗಿಲುಗಳ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜಿನಿಂದ. ಕಳಿಸಿದವರು ನಮ್ಮ ಹಳೆ ಕೇಳುಗರು. ಉಡುಪಿ ಕಡೆಯ ಹುಡುಗ, ಈಗ ಶಾರ್ಜಾದಲ್ಲಿ ಕೆಲಸ. ಇಬ್ಬರು ರೂಮ್‌ಮೇಟ್ ಜೊತೆ ಸೇರಿ, ಮೂರು ವರ್ಷ ಕೂಡಿಟ್ಟ ದುಡ್ಡಲ್ಲಿ ಒಂದು ಹಳೆ ಮಿತ್ಸುಬಿಷಿ ಲ್ಯಾನ್ಸರ್ ಎವೊ 8 ತಗೊಂಡಿದ್ದಾರೆ. ಜೊತೆಗೆ ಒಂದು ಫೋಟೊ ಇತ್ತು. ಎಂಜಿನ್ ಮೇಲಿನ ಕವರ್ ತೆಗೆದಿದೆ, ಒಳಗೆ ನೀಲಿ ಬಣ್ಣದ ಎರಡು ಕ್ಯಾಮ್ ಗೇರ್ ಮಿರಮಿರ ಅಂತಿವೆ.

ಅವರು ಹೇಳಿದ್ದು ಇಷ್ಟು: "ಅಣ್ಣಾ, ಇಲ್ಲಿ ನನ್ನ ಫ್ರೆಂಡ್ ಒಬ್ರದ್ದು ಇದೇ ಎಂಜಿನ್ ಇದೆ. ಇನ್‌ಟೇಕ್ ಪ್ಲಸ್ 2, ಎಕ್ಸಾಸ್ಟ್ ಮೈನಸ್ 4 ಇಟ್ಕೊ, ಗಾಡಿ ಹಾರತ್ತೆ ಅಂದ್ರು. ಇವತ್ತು ರಾತ್ರಿ ಮಾಡ್ತಿದ್ದೀನಿ. ಏನಂತೀರ?"

ನಾನು ಅವತ್ತು ಕೊಟ್ಟ ಉತ್ತರ ಮೂರೇ ಪದ: "ಇವತ್ತು ರಾತ್ರಿ ಬೇಡ."

ಯಾಕೆ ಬೇಡ ಅನ್ನೋದೇ ಈ ಸಂಚಿಕೆ. ಎವೊ ಕಾರು ಕಣ್ಣಲ್ಲೂ ನೋಡದೇ ಇರೋರು ಕೂಡ ಕೇಳಿ. ಯಾಕಂದ್ರೆ ಇದರೊಳಗಿನ ವಿಷಯ ನಿಮ್ಮ ಮನೆ ಮುಂದೆ ನಿಂತಿರೋ ಚಿಕ್ಕ ಟರ್ಬೊ ಪೆಟ್ರೋಲ್ ಕಾರಿನಲ್ಲೂ ಇದೆ. ಅಲ್ಲಿ ಸ್ಪ್ಯಾನರ್ ಬದಲು ಕಂಪ್ಯೂಟರ್ ಆ ಕೆಲಸ ಮಾಡ್ತಿರತ್ತೆ, ಅಷ್ಟೇ ವ್ಯತ್ಯಾಸ.

ಮೊದಲು ಎಂಜಿನ್ ಪರಿಚಯ ಮಾಡ್ಕೊಳ್ಳೋಣ. ಹೆಸರು 4ಜಿ63. ಟರ್ಬೊ ಇರೋದಕ್ಕೆ 4ಜಿ63ಟಿ ಅಂತಾರೆ. 1997 ಸಿಸಿ, ನಾಲ್ಕು ಸಿಲಿಂಡರ್, ಬೋರ್ 85 ಮಿ.ಮೀ., ಸ್ಟ್ರೋಕ್ 88 ಮಿ.ಮೀ. ಬ್ಲಾಕ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂದು. ಮೇಲೆ ಎರಡು ಕ್ಯಾಮ್‌ಶಾಫ್ಟ್, ಒಟ್ಟು 16 ವಾಲ್ವ್. 1992ರಲ್ಲಿ ಬಂದ ಮೊದಲನೇ ಎವೊದಿಂದ ಹಿಡಿದು 2005ರ ಎವೊ 9ರ ತನಕ ಇದೇ ಎಂಜಿನ್. ಟಾಮಿ ಮ್ಯಾಕಿನೆನ್ ಅನ್ನೋ ಫಿನ್‌ಲ್ಯಾಂಡ್ ಡ್ರೈವರ್ 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್ ಆದರಲ್ಲ, ಅವರ ಕಾರಿನೊಳಗೆ ಇದ್ದಿದ್ದು ಇದೇ ಕುಟುಂಬದ ಎಂಜಿನ್.

ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಮಾರಿದ ಲ್ಯಾನ್ಸರ್ ನೆನಪಿರಬಹುದು. ಅದರ ಹೆಸರು ಅದೇ, ಆದ್ರೆ ಒಳಗಿದ್ದಿದ್ದು ಈ ಎಂಜಿನ್ ಅಲ್ಲ. ಹಾಗಾಗಿ "ನಮ್ ಚಿಕ್ಕಪ್ಪನ ಹತ್ರ ಲ್ಯಾನ್ಸರ್ ಇತ್ತು" ಅಂದ್ಕೊಂಡು ಗೊಂದಲ ಮಾಡ್ಕೋಬೇಡಿ.

ಸರಿ, ಈ ಎಂಜಿನ್ನಿಗೆ ಒಂದು ಗುಣ ಇದೆ. ಇಂಗ್ಲಿಷಲ್ಲಿ ಇಂಟರ್‌ಫಿಯರೆನ್ಸ್ ಎಂಜಿನ್ ಅಂತಾರೆ. ಅಂದ್ರೆ ಪಿಸ್ಟನ್ ಮೇಲೆ ಬರೋ ಜಾಗಕ್ಕೇ ವಾಲ್ವ್ ಕೂಡ ಕೆಳಗೆ ಇಳಿಯತ್ತೆ. ಒಂದೇ ಜಾಗ, ಇಬ್ಬರು ಬಾಡಿಗೆದಾರರು, ಬೇರೆ ಬೇರೆ ಶಿಫ್ಟ್. ಅವರಿಬ್ಬರನ್ನೂ ಟೈಮಿಗೆ ಸರಿಯಾಗಿ ಕಳಿಸೋದು ಟೈಮಿಂಗ್ ಬೆಲ್ಟ್. ಶಿಫ್ಟ್ ತಪ್ಪಿದ್ರೆ ಇಬ್ಬರೂ ಡಿಕ್ಕಿ. ವಾಲ್ವ್ ಬಾಗತ್ತೆ, ಕೆಲವೊಮ್ಮೆ ಪಿಸ್ಟನ್ನೂ ಹೋಗತ್ತೆ. ಆಮೇಲೆ ಹೆಡ್ ಬಿಚ್ಚಬೇಕು. ಮೂವರು ಹುಡುಗರು ಮೂರು ವರ್ಷ ಕೂಡಿಟ್ಟ ದುಡ್ಡು ಸ್ಟಾರ್ಟರ್ ಒತ್ತಿದ ಒಂದೇ ಸೆಕೆಂಡಲ್ಲಿ ಗೋವಿಂದ.

ಈಗ ಕ್ಯಾಮ್ ಟೈಮಿಂಗ್ ಅಂದ್ರೆ ಏನು ಅಂತ ನೋಡೋಣ. ಇದಕ್ಕೆ ಒಂದು ಬಸ್ ಬೇಕು.

ಮೆಜೆಸ್ಟಿಕ್‌ಗೆ ಬಂದು ನಿಂತ ಬಿಎಂಟಿಸಿ ಬಸ್ ಕಣ್ಮುಂದೆ ತಂದ್ಕೊಳ್ಳಿ. ಎರಡು ಬಾಗಿಲು. ಲೆಕ್ಕಕ್ಕೆ ಒಂದು ಹತ್ತೋಕೆ, ಒಂದು ಇಳಿಯೋಕೆ ಅಂತ ಇಟ್ಕೊಳ್ಳೋಣ. ಹತ್ತೋ ಬಾಗಿಲು ಇನ್‌ಟೇಕ್ ವಾಲ್ವ್. ಇಳಿಯೋ ಬಾಗಿಲು ಎಕ್ಸಾಸ್ಟ್ ವಾಲ್ವ್. ಒಳಗಿರೋ ಹಳೆ ಪ್ರಯಾಣಿಕರು ಸುಟ್ಟ ಹೊಗೆ. ಹೊರಗೆ ಕಾಯ್ತಿರೋರು ತಾಜಾ ಗಾಳಿ ಮತ್ತು ಪೆಟ್ರೋಲ್. ಬಾಗಿಲು ಯಾವಾಗ ತೆಗೀಬೇಕು, ಯಾವಾಗ ಮುಚ್ಚಬೇಕು ಅಂತ ಸಿಗ್ನಲ್ ಕೊಡೋ ಕಂಡಕ್ಟರ್ ಕ್ಯಾಮ್‌ಶಾಫ್ಟ್.

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಪೂರ್ತಿ ಸುತ್ತು ಕೆಲಸ ಮುಗಿಯೋಕೆ ಕ್ರ್ಯಾಂಕ್ ಎರಡು ಸಲ ತಿರುಗತ್ತೆ, ಅಂದ್ರೆ 720 ಡಿಗ್ರಿ. ಅಷ್ಟರಲ್ಲಿ ಕ್ಯಾಮ್ ತಿರುಗೋದು ಒಂದೇ ಸಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಕ್ಯಾಮ್ ಗೇರ್ ಮೇಲೆ 1 ಡಿಗ್ರಿ ತಿರುಗಿಸಿದ್ರೆ ಕ್ರ್ಯಾಂಕ್ ಲೆಕ್ಕದಲ್ಲಿ ಅದು 2 ಡಿಗ್ರಿ. ಮಾರುಕಟ್ಟೆಯಲ್ಲಿ ಸಿಗೋ ಕೆಲವು ಗೇರ್‌ಗಳ ಮೇಲಿನ ಗೆರೆ ಕ್ಯಾಮ್ ಡಿಗ್ರಿದು, ಕೆಲವರದ್ದು ಕ್ರ್ಯಾಂಕ್ ಡಿಗ್ರಿದು. "ನಾಲ್ಕು ಇಡು" ಅಂತ ಯಾರಾದ್ರೂ ಹೇಳಿದ್ರೆ ಮೊದಲ ಪ್ರಶ್ನೆ ಇದೇ ಆಗಿರಬೇಕು: ಯಾವ ನಾಲ್ಕು?

ಹಲ್ಲು ತಪ್ಪೋದಂತೂ ಇನ್ನೂ ದೊಡ್ಡ ವಿಷಯ. ಕ್ಯಾಮ್ ಗೇರಿಗೆ 48 ಹಲ್ಲು ಇದೆ ಅಂತ ಲೆಕ್ಕ ಹಾಕಿ. ಬೆಲ್ಟ್ ಒಂದು ಹಲ್ಲು ಆಚೀಚೆ ಕೂತ್ರೆ ಕ್ಯಾಮ್ 7.5 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 15 ಡಿಗ್ರಿ ತಪ್ಪತ್ತೆ. ಅದಕ್ಕೇ ಅಡ್ಜಸ್ಟಬಲ್ ಗೇರ್ ಅನ್ನೋದು ಹುಟ್ಟಿದ್ದು. ಹೊರಗಿನ ಹಲ್ಲಿನ ಉಂಗುರ ಬೇರೆ, ಒಳಗಿನ ಹಬ್ ಬೇರೆ. ನಡುವೆ ಬೋಲ್ಟ್. ಬೋಲ್ಟ್ ಸಡಿಲ ಮಾಡಿ ಒಂದೊಂದೇ ಡಿಗ್ರಿ ಸರಿಸಬಹುದು.

ಈಗ ಬಸ್ಸಿಗೆ ವಾಪಸ್ ಬರೋಣ. ಎಕ್ಸಾಸ್ಟ್ ಮುಗೀತಾ ಬಂದಾಗ, ಇನ್‌ಟೇಕ್ ಶುರುವಾಗೋ ಹೊತ್ತಿನಲ್ಲಿ, ಸ್ವಲ್ಪ ಸಮಯ ಎರಡೂ ಬಾಗಿಲು ಒಟ್ಟಿಗೇ ತೆರೆದಿರತ್ತೆ. ಇದಕ್ಕೆ ಓವರ್‌ಲ್ಯಾಪ್ ಅಂತಾರೆ. ಹಳೆಬರು ಇಳೀತಿರೋವಾಗಲೇ ಹೊಸಬರು ಹತ್ತೋಕೆ ಶುರು. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಇದು ಒಳ್ಳೇದೇ. ಹೊರಗೆ ಓಡ್ತಿರೋ ಹೊಗೆಯ ರಭಸ ತಾಜಾ ಗಾಳಿಯನ್ನ ಒಳಗೆ ಎಳ್ಕೊಳ್ಳತ್ತೆ. ಜಾಸ್ತಿ ಆರ್‌ಪಿಎಂನಲ್ಲಿ ಇದ್ರಿಂದ ಲಾಭ.

ಆದ್ರೆ ಟರ್ಬೊ ಎಂಜಿನ್ನಿನಲ್ಲಿ ಇಳಿಯೋ ಬಾಗಿಲ ಎದುರಿಗೇ ಒಂದು ಗೇಟ್ ಇದೆ. ಟರ್ಬೈನ್. ಹೊಗೆ ಎಲ್ಲ ಆ ಟರ್ಬೈನ್ ಚಕ್ರ ತಿರುಗಿಸ್ಕೊಂಡೇ ಹೊರಗೆ ಹೋಗಬೇಕು. ಹಾಗಾಗಿ ಆ ಗೇಟಿನ ಹಿಂದೆ ಒತ್ತಡ ಕಟ್ಕೊಳ್ಳತ್ತೆ. ಇದನ್ನ ಬ್ಯಾಕ್‌ಪ್ರೆಶರ್ ಅನ್ನೋಣ. ಈ ಕಡೆ ಹತ್ತೋ ಬಾಗಿಲಲ್ಲಿ ಟರ್ಬೊ ತಳ್ತಿರೋ ಗಾಳಿಯ ಒತ್ತಡ ಇದೆ, ಅದು ಬೂಸ್ಟ್.

ಎರಡೂ ಬಾಗಿಲು ತೆರೆದಿರೋ ಆ ಕ್ಷಣದಲ್ಲಿ ಗೆಲ್ಲೋದು ಯಾರು? ಇದೊಂದು ಪ್ರಶ್ನೆಗೆ ಉತ್ತರ ಗೊತ್ತಾದ್ರೆ ಟರ್ಬೊ ಕ್ಯಾಮ್ ಟೈಮಿಂಗ್ ಅರ್ಧ ಗೊತ್ತಾದ ಹಾಗೆ.

ಉದಾಹರಣೆಗೆ ಬೂಸ್ಟ್ 1.3 ಬಾರ್ ಇದೆ, ಬ್ಯಾಕ್‌ಪ್ರೆಶರ್ 2.2 ಬಾರ್ ಇದೆ ಅಂದ್ಕೊಳ್ಳಿ. ಕಂಪನಿ ಕೊಟ್ಟ ಚಿಕ್ಕ ಟರ್ಬೊಗಳನ್ನ ಜಾಸ್ತಿ ಬೂಸ್ಟಿಗೆ ದುಡಿಸಿದಾಗ ಹೀಗಾಗೋದು ಮಾಮೂಲು. ಆಗ ಇಳಿಯೋ ಬಾಗಿಲ ಹೊರಗಿನ ಜನ ಒಳಗಿನವರಿಗಿಂತ ಜೋರಾಗಿ ತಳ್ತಾರೆ. ಇಳಿದೋರೇ ವಾಪಸ್ ಬಸ್ಸೊಳಗೆ. ಸುಟ್ಟ ಬಿಸಿ ಹೊಗೆ ಸಿಲಿಂಡರ್ ಒಳಗೇ ಉಳಿಯತ್ತೆ, ತಾಜಾ ಗಾಳಿಗೆ ಜಾಗ ಕಮ್ಮಿ. ಮಿಶ್ರಣ ಬಿಸಿ ಆಗತ್ತೆ. ಬಿಸಿ ಆದ್ರೆ ನಾಕಿಂಗ್, ಅಂದ್ರೆ ಪೆಟ್ರೋಲ್ ತಾನಾಗೇ ಅಲ್ಲಲ್ಲಿ ಸಿಡಿಯೋದು. ಟರ್ಬೊ ಎಂಜಿನ್ ಪಿಸ್ಟನ್ ಒಡೆಯೋಕೆ ಅದೊಂದು ಸಾಕು. ಇಂಥ ಕಡೆ ಓವರ್‌ಲ್ಯಾಪ್ ಜಾಸ್ತಿ ಮಾಡೋದು ಅಂದ್ರೆ ಕಳ್ಳನಿಗೆ ಹಿಂದಿನ ಬಾಗಿಲು ತೆಗೆದಿಟ್ಟ ಹಾಗೆ.

ಇನ್ನೊಂದು ಕಾರು ತಗೊಳ್ಳಿ. ಅದರಲ್ಲಿ ದೊಡ್ಡ ಟರ್ಬೊ, ಅಗಲವಾದ ಎಕ್ಸಾಸ್ಟ್. ಅಲ್ಲಿ ಬೂಸ್ಟಿಗಿಂತ ಬ್ಯಾಕ್‌ಪ್ರೆಶರ್ ಕಮ್ಮಿ ಇರಬಹುದು. ಆಗ ಓವರ್‌ಲ್ಯಾಪ್ ಸ್ನೇಹಿತ. ತಾಜಾ ಗಾಳಿ ನುಗ್ಗಿ ಉಳಿದ ಹೊಗೆಯನ್ನ ಗುಡಿಸಿ ಹೊರಗೆ ಹಾಕತ್ತೆ. ಸಿಲಿಂಡರ್ ತಣ್ಣಗಿರತ್ತೆ, ಪವರ್ ಜಾಸ್ತಿ. ಆದ್ರೆ ಅತಿ ಆದ್ರೆ ಅಲ್ಲೂ ನಷ್ಟ ಇದೆ. 4ಜಿ63ನಂಥ ಹಳೆ ಎಂಜಿನ್ನಿನಲ್ಲಿ ಪೆಟ್ರೋಲ್ ಸಿಂಪಡಿಸೋದು ವಾಲ್ವಿನ ಹಿಂದೆ. ಹಾಗಾಗಿ ಗಾಳಿ ಜೊತೆ ಪೆಟ್ರೋಲೂ ಸುಡದೆ ಸೀದಾ ಎಕ್ಸಾಸ್ಟಿಗೆ ಜಾರಿ ಹೋಗತ್ತೆ. ಇವತ್ತಿನ ಡೈರೆಕ್ಟ್ ಇಂಜೆಕ್ಷನ್ ಕಾರುಗಳಲ್ಲಿ ವಾಲ್ವ್ ಮುಚ್ಚಿದ ಮೇಲೆ ಪೆಟ್ರೋಲ್ ಸಿಂಪಡಿಸೋಕೆ ಆಗತ್ತೆ. ಅದಕ್ಕೇ ಆ ಎಂಜಿನ್‌ಗಳು ಓವರ್‌ಲ್ಯಾಪನ್ನ ಧೈರ್ಯವಾಗಿ ಬಳಸ್ಕೊಂಡು ಕಮ್ಮಿ ಆರ್‌ಪಿಎಂನಲ್ಲೇ ಟರ್ಬೊ ಎಬ್ಬಿಸ್ತವೆ.

ಈಗ ಅರ್ಥ ಆಯ್ತಲ್ಲ, ಒಂದು ಕಾರಿನ ಮ್ಯಾಜಿಕ್ ನಂಬರ್ ಇನ್ನೊಂದು ಕಾರಿಗೆ ಯಾಕೆ ಆಗಲ್ಲ ಅಂತ. ನಮ್ಮ ಹುಡುಗನ ಫ್ರೆಂಡ್ ಸುಳ್ಳು ಹೇಳಿರಲಿಲ್ಲ. ಅವರ ಕಾರಿಗೆ ದೊಡ್ಡ ಟರ್ಬೊ ಇತ್ತು. ಇವರದ್ದು ಕಂಪನಿ ಟರ್ಬೊ. ಎಂಜಿನ್ ಒಂದೇ, ಗೇಟ್ ಬೇರೆ.

ಹಾಗಾದ್ರೆ ಗೇರ್ ತಿರುಗಿಸಿದ್ರೆ ಏನೇನಾಗತ್ತೆ? ನಾಲ್ಕೇ ಸಾಧ್ಯತೆ. ನಿಧಾನವಾಗಿ ಕೇಳಿ.

ಒಂದು, ಇನ್‌ಟೇಕ್ ಕ್ಯಾಮ್ ಮುಂದೆ ಮಾಡಿದ್ರೆ, ಅಂದ್ರೆ ಅಡ್ವಾನ್ಸ್. ವಾಲ್ವ್ ಬೇಗ ತೆರೆಯತ್ತೆ, ಬೇಗ ಮುಚ್ಚತ್ತೆ. ಬೇಗ ಮುಚ್ಚೋದ್ರಿಂದ ಕಮ್ಮಿ ಆರ್‌ಪಿಎಂನಲ್ಲಿ ಒಳಗೆ ಬಂದ ಗಾಳಿ ವಾಪಸ್ ಹೋಗಲ್ಲ. ಕೆಳಗಿನ ದಮ್ಮು ಜಾಸ್ತಿ. ಆದ್ರೆ ಓವರ್‌ಲ್ಯಾಪೂ ಜಾಸ್ತಿ, ಸಿಲಿಂಡರ್ ಒಳಗಿನ ಒತ್ತಡವೂ ಜಾಸ್ತಿ.

ಎರಡು, ಇನ್‌ಟೇಕ್ ಹಿಂದೆ ಮಾಡಿದ್ರೆ, ಅಂದ್ರೆ ರಿಟಾರ್ಡ್. ತಡವಾಗಿ ಮುಚ್ಚತ್ತೆ. ಎಂಜಿನ್ ಜೋರಾಗಿ ತಿರುಗುವಾಗ ಗಾಳಿಗೆ ನುಗ್ಗೋ ರಭಸ ಇರತ್ತೆ, ಆ ತಡ ಲಾಭ ಆಗತ್ತೆ. ಮೇಲೆ ಪವರ್, ಕೆಳಗೆ ಮಂಕು.

ಮೂರು, ಎಕ್ಸಾಸ್ಟ್ ಅಡ್ವಾನ್ಸ್. ಬೇಗ ತೆರೆಯತ್ತೆ. ಇನ್ನೂ ಒತ್ತಡ ಇರೋ ಬಿಸಿ ಹೊಗೆ ಟರ್ಬೈನಿಗೆ ಹೊಡೆಯತ್ತೆ, ಟರ್ಬೊ ಬೇಗ ಏಳತ್ತೆ. ಓವರ್‌ಲ್ಯಾಪ್ ಕಮ್ಮಿ. ಆದ್ರೆ ಪಿಸ್ಟನ್ ತಳ್ಳೋಕೆ ಬಳಸಬಹುದಾಗಿದ್ದ ಶಕ್ತಿಯಲ್ಲಿ ಸ್ವಲ್ಪ ಟರ್ಬೈನಿಗೆ ದಾನ ಕೊಟ್ಟ ಹಾಗೆ.

ನಾಲ್ಕು, ಎಕ್ಸಾಸ್ಟ್ ರಿಟಾರ್ಡ್. ಪಿಸ್ಟನ್ ಜಾಸ್ತಿ ಹೊತ್ತು ಶಕ್ತಿ ಪಡೆಯತ್ತೆ. ಆದ್ರೆ ವಾಲ್ವ್ ತಡವಾಗಿ ಮುಚ್ಚೋದ್ರಿಂದ ಓವರ್‌ಲ್ಯಾಪ್ ಜಾಸ್ತಿ.

ಗಮನಿಸಿದ್ರಾ? ಎಲ್ಲೂ ಪುಕ್ಕಟೆ ಊಟ ಇಲ್ಲ. ಹೆಚ್ಚಿನ ಸಲ ಕ್ಯಾಮ್ ಗೇರ್ ಮಾಡೋದು ಇರೋ ಪವರನ್ನ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಸರಿಸೋ ಕೆಲಸ. ಈ ಕಡೆ ಹೊದಿಕೆ ಎಳ್ಕೊಂಡ್ರೆ ಆ ಕಡೆ ಕಾಲು ಹೊರಗೆ.

ಈಗ ಶಾರ್ಜಾ ಹುಡುಗನ ಕಾರಿಗೆ ಬರೋಣ. "ಇವತ್ತು ಬೇಡ" ಅಂದ ಮೇಲೆ ನಾನು ಅವರಿಗೆ ಒಂದು ಕೆಲಸ ಕೊಟ್ಟೆ: "ಮೊದಲು ಈಗ ಎಲ್ಲಿದೆ ಅಂತ ಅಳೆಯಿರಿ. ಗೆರೆ ನೋಡೋದಲ್ಲ, ಅಳೆಯೋದು."

ಯಾಕೆ ಅಂದ್ರೆ ಗೇರ್ ಮೇಲಿನ ಸೊನ್ನೆ ನಿಜವಾದ ಸೊನ್ನೆ ಆಗಿರಬೇಕು ಅಂತೇನಿಲ್ಲ. ಹಳೆ ಎಂಜಿನ್ ಅಂದ್ಮೇಲೆ ಯಾವತ್ತೋ ಹೆಡ್ ಫೇಸಿಂಗ್ ಮಾಡಿಸಿರ್ತಾರೆ. ಹೆಡ್ಡಿನ ತಳ ಕೊಂಚ ತೆಗೆದ್ರೆ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬರತ್ತೆ, ಬೆಲ್ಟ್ ಅದೇ ಉದ್ದ, ಟೈಮಿಂಗ್ ಚೂರು ತಡ ಆಗತ್ತೆ. ಕ್ಯಾಮ್ ತಯಾರಾದಾಗಿನ ಸಣ್ಣ ವ್ಯತ್ಯಾಸ ಒಂದು. ಗೇರ್ ಕೂರೋ ಪಿನ್ನಿನ ತೂತಿನ ವ್ಯತ್ಯಾಸ ಇನ್ನೊಂದು. ಒಂದೊಂದೂ ಚೂರುಪಾರು. ಎಲ್ಲ ಒಂದೇ ಕಡೆ ಕೂಡಿಕೊಂಡ್ರೆ ಹನಿ ಹನಿ ಸೇರಿ ಹಳ್ಳ. ನಿಜ ಹೇಳಬೇಕಂದ್ರೆ ಅಡ್ಜಸ್ಟಬಲ್ ಗೇರಿನ ಮೊದಲ ಉಪಯೋಗ ಇದೇ, ತಪ್ಪಿರೋದನ್ನ ಸರಿ ಜಾಗಕ್ಕೆ ತರೋದು.

4ಜಿ63ನಲ್ಲಿ ಗುರುತುಗಳು ಮೋಸ ಮಾಡೋದಕ್ಕೆ ಒಂದು ಒಳ್ಳೆ ಉದಾಹರಣೆ ಇದೆ. ಈ ಎಂಜಿನ್ನಿನಲ್ಲಿ ನಡುಕ ಕಮ್ಮಿ ಮಾಡೋಕೆ ಎರಡು ಬ್ಯಾಲೆನ್ಸ್ ಶಾಫ್ಟ್ ಇವೆ. ಒಂದನ್ನ ತಿರುಗಿಸೋದು ಆಯಿಲ್ ಪಂಪ್ ಗೇರ್. ಆ ಗೇರಿನ ಗುರುತು ಸರಿಯಾಗಿ ಕೂತಿದ್ರೂ ಒಳಗಿನ ಶಾಫ್ಟ್ ಉಲ್ಟಾ ನಿಂತಿರೋ ಸಾಧ್ಯತೆ ಇದೆ. ಅದಕ್ಕೆ ಕಂಪನಿಯೇ ಹೇಳೋ ಪರೀಕ್ಷೆ ಏನು ಗೊತ್ತಾ? ಬ್ಲಾಕಿನ ಪಕ್ಕದಲ್ಲಿ ಒಂದು ಪ್ಲಗ್ ಬಿಚ್ಚಿ, 8 ಮಿ.ಮೀ. ದಪ್ಪದ ಸ್ಕ್ರೂಡ್ರೈವರ್ ತೂರಿಸಬೇಕು. 60 ಮಿ.ಮೀ. ಒಳಗೆ ಹೋದ್ರೆ ಸರಿ. 20, 25 ಮಿ.ಮೀ.ಗೇ ನಿಂತ್ರೆ ಶಾಫ್ಟ್ ತಪ್ಪಾಗಿದೆ. ನೋಡಿ, ಇಂಜಿನಿಯರ್‌ಗಳೇ ಹೇಳ್ತಿದ್ದಾರೆ, ಗುರುತನ್ನ ನಂಬಬೇಡ, ಕೈ ಹಾಕಿ ನೋಡು ಅಂತ.

ಅಳೆಯೋದು ಹೇಗೆ? ಎರಡು ಸಾಮಾನು ಬೇಕು. ಡಿಗ್ರಿ ಚಕ್ರ, ಅಂದ್ರೆ 360 ಡಿಗ್ರಿ ಗುರುತಿರೋ ತಟ್ಟೆ. ಅದನ್ನ ಕ್ರ್ಯಾಂಕಿನ ಮುಂದೆ ಕಟ್ಟಬೇಕು. ಇನ್ನೊಂದು ಡಯಲ್ ಗೇಜ್, ಅದು ವಾಲ್ವ್ ಎಷ್ಟು ಇಳೀತು ಅಂತ ತೋರಿಸೋಕೆ.

ಮೊದಲು ನಿಜವಾದ ಟಿಡಿಸಿ ಹುಡುಕಬೇಕು. ಟಿಡಿಸಿ ಅಂದ್ರೆ ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ. ಅಲ್ಲಿ ಪಿಸ್ಟನ್ ಕೊಂಚ ಹೊತ್ತು ನಿಂತ ಹಾಗೆ ಇರತ್ತೆ, ಹಾಗಾಗಿ ಕಣ್ಣಂದಾಜು ನಡೆಯಲ್ಲ. ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಪಿಸ್ಟನ್ ತಡೆಯೋ ಒಂದು ಸ್ಟಾಪ್ ಹಾಕ್ತಾರೆ. ಕೈಯಿಂದ ಮೆಲ್ಲಗೆ ಒಂದು ಕಡೆ ತಿರುಗಿಸಿ, ಎಲ್ಲಿ ತಾಗತ್ತೋ ಅದನ್ನ ಬರೆದಿಡಿ. ಇನ್ನೊಂದು ಕಡೆಯಿಂದ ಬಂದು ಅದನ್ನೂ ಬರೀರಿ. ಒಂದು ಕಡೆ 24, ಇನ್ನೊಂದು ಕಡೆ 28 ಬಂತು ಅಂದ್ರೆ ನಿಮ್ಮ ಸೊನ್ನೆ 2 ಡಿಗ್ರಿ ತಪ್ಪಿದೆ. ಎರಡೂ ಕಡೆ 26 ಬರೋ ಹಾಗೆ ಮುಳ್ಳನ್ನ ಸರಿಸಿ. ಈಗ ಸೊನ್ನೆ ಸಿಕ್ತು. ಸ್ಟಾಪ್ ತೆಗೆಯೋದು ಮರೀಬೇಡಿ.

ಆಮೇಲೆ ಇನ್‌ಟೇಕ್ ವಾಲ್ವ್ ಪೂರ್ತಿ ತೆರೆದ ಜಾಗ ಹುಡುಕಬೇಕು. ಅಲ್ಲೂ ಅದೇ ತಂತ್ರ. ಪೂರ್ತಿ ತೆರೆಯೋಕೆ 1 ಮಿ.ಮೀ. ಬಾಕಿ ಇರೋವಾಗ ಒಂದು ಓದು, ಪೂರ್ತಿ ತೆರೆದು 1 ಮಿ.ಮೀ. ವಾಪಸ್ ಮುಚ್ಚಿದಾಗ ಇನ್ನೊಂದು ಓದು. ಕೂಡಿಸಿ ಎರಡರಿಂದ ಭಾಗಿಸಿ. ಅಳೆಯುವಾಗ ಕ್ರ್ಯಾಂಕನ್ನ ಎಂಜಿನ್ ತಿರುಗೋ ದಿಕ್ಕಿನಲ್ಲೇ ತಿರುಗಿಸಿ. ಜಾಸ್ತಿ ಹೋಯ್ತಾ? ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ಇಲ್ಲಾಂದ್ರೆ ಬೆಲ್ಟಿನ ಸಡಿಲ ಲೆಕ್ಕ ಕೆಡಿಸತ್ತೆ. ಇನ್ನೊಂದು ಎಚ್ಚರಿಕೆ. 4ಜಿ63ನಲ್ಲಿ ವಾಲ್ವಿನ ಸಂದು ಹೊಂದಿಸೋದು ಆಯಿಲ್ ಒತ್ತಡದಿಂದ ಕೆಲಸ ಮಾಡೋ ಹೈಡ್ರಾಲಿಕ್ ಅಡ್ಜಸ್ಟರ್. ಎಂಜಿನ್ ಆಫ್ ಆಗಿದ್ದಾಗ ಅವು ಕುಗ್ಗಿ ತಪ್ಪು ಅಳತೆ ಕೊಡ್ತವೆ. ಅಳೆಯೋ ಜಾಗದಲ್ಲಿ ಕುಗ್ಗದೇ ಇರೋ ಗಟ್ಟಿ ಅಡ್ಜಸ್ಟರ್ ಹಾಕ್ಕೋಬೇಕು.

ನಮ್ಮ ಹುಡುಗನ ಕಾರಿಗೆ ಹಳೆ ಮಾಲೀಕರು 272 ಡಿಗ್ರಿ ಕ್ಯಾಮ್ ಹಾಕಿಸಿದ್ರು, ಅಂದ್ರೆ ವಾಲ್ವ್ ಕ್ರ್ಯಾಂಕ್ ಲೆಕ್ಕದಲ್ಲಿ 272 ಡಿಗ್ರಿ ತೆರೆದಿರತ್ತೆ. ಪುಣ್ಯಕ್ಕೆ ಕ್ಯಾಮ್ ಜೊತೆ ಬಂದ ಕಾರ್ಡ್ ಫೈಲಲ್ಲೇ ಇತ್ತು. ಅದರ ಪ್ರಕಾರ ಇನ್‌ಟೇಕ್ ಪೂರ್ತಿ ತೆರೆಯಬೇಕಾದ್ದು ಟಿಡಿಸಿ ಆದ ಮೇಲೆ 110 ಡಿಗ್ರಿಗೆ. ಎಕ್ಸಾಸ್ಟ್, ಟಿಡಿಸಿಗೆ 110 ಡಿಗ್ರಿ ಮುಂಚೆ.

ಒಂದು ಶುಕ್ರವಾರ ಮೂವರೂ ಕೂತು ಅಳೆದ್ರು. ಇನ್‌ಟೇಕಿಗೆ ಬಂದ ಎರಡು ಓದು 78 ಮತ್ತು 150. ಕೂಡಿಸಿದ್ರೆ 228, ಅರ್ಧ 114. ಎಕ್ಸಾಸ್ಟ್ 106. ಗೇರ್ ಮೇಲಿನ ಎರಡೂ ಗೆರೆ ಮಾತ್ರ ಸರಿಯಾಗಿ ಸೊನ್ನೆಯಲ್ಲಿತ್ತು! ಅಂದ್ರೆ ಎರಡೂ ಕ್ಯಾಮ್ ಇರಬೇಕಾದ್ದಕ್ಕಿಂತ 4 ಡಿಗ್ರಿ ತಡ.

ಈಗ ಫ್ರೆಂಡ್ ಹೇಳಿದ ನಂಬರ್ ಹಾಕಿದ್ರೆ ಏನಾಗ್ತಿತ್ತು ಅಂತ ಲೆಕ್ಕ ಮಾಡೋಣ. 272ರ ಅರ್ಧ 136. ಕಾರ್ಡಿನ ಪ್ರಕಾರ ಇದ್ದಿದ್ರೆ, 136ರಿಂದ 110 ಕಳೆದ್ರೆ 26. ಇನ್‌ಟೇಕ್ ಟಿಡಿಸಿಗೆ 26 ಡಿಗ್ರಿ ಮುಂಚೆ ತೆರೆಯತ್ತೆ, ಎಕ್ಸಾಸ್ಟ್ ಟಿಡಿಸಿ ಆಗಿ 26ಕ್ಕೆ ಮುಚ್ಚತ್ತೆ. ಓವರ್‌ಲ್ಯಾಪ್ 52.

ಇವರ ಗೇರಿನ ಗೆರೆ ಕ್ಯಾಮ್ ಡಿಗ್ರಿದು. ಇನ್‌ಟೇಕ್ ಪ್ಲಸ್ 2 ಅಂದ್ರೆ ಕ್ರ್ಯಾಂಕಲ್ಲಿ 4 ಡಿಗ್ರಿ ಮುಂದೆ. 114 ಇದ್ದಿದ್ದು 110 ಆಗ್ತಿತ್ತು. ಅಂದ್ರೆ ಆ ಮ್ಯಾಜಿಕ್ ನಂಬರ್ ಇವರ ಕಾರಲ್ಲಿ ಬರೀ ಸೊನ್ನೆಗೆ ತಂದು ನಿಲ್ಲಿಸ್ತಿತ್ತು. ಎಕ್ಸಾಸ್ಟ್ ಮೈನಸ್ 4 ಅಂದ್ರೆ 8 ಡಿಗ್ರಿ ಹಿಂದೆ. ಮೊದಲೇ ತಡ ಆಗಿದ್ದ 106, ಈಗ 98. ಎಕ್ಸಾಸ್ಟ್ ಮುಚ್ಚೋದು 26ರ ಬದಲು 38ಕ್ಕೆ. ಓವರ್‌ಲ್ಯಾಪ್ 26 ಪ್ಲಸ್ 38, ಒಟ್ಟು 64. ಅದೂ ಬ್ಯಾಕ್‌ಪ್ರೆಶರ್ ಜಾಸ್ತಿ ಇರೋ ಚಿಕ್ಕ ಟರ್ಬೊ ಎಂಜಿನ್ನಿನಲ್ಲಿ.

ಇನ್ನೂ ದೊಡ್ಡ ಭಯ ಬೇರೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಪಿಸ್ಟನ್ ಮೇಲೆ ಬರ್ತಾ, ಮುಚ್ಚಿಕೊಳ್ತಿರೋ ಎಕ್ಸಾಸ್ಟ್ ವಾಲ್ವನ್ನ ಅಟ್ಟಿಸ್ಕೊಂಡು ಬರತ್ತೆ. ಟಿಡಿಸಿಗೆ ಸುಮಾರು 10 ಡಿಗ್ರಿ ಮುಂಚೆ ಎರಡೂ ತೀರಾ ಹತ್ತಿರ. ವಾಲ್ವ್ ತಡ ಮಾಡಿದಷ್ಟೂ ಪಿಸ್ಟನ್ ಅದಕ್ಕೆ ಹತ್ತಿರ. ಇನ್‌ಟೇಕಲ್ಲಿ ಉಲ್ಟಾ. ಟಿಡಿಸಿ ಆಗಿ ಸುಮಾರು 10 ಡಿಗ್ರಿಗೆ, ಇಳೀತಿರೋ ಪಿಸ್ಟನ್ನನ್ನ ವಾಲ್ವ್ ಅಟ್ಟಿಸ್ಕೊಂಡು ಹೋಗತ್ತೆ. ಅಲ್ಲಿ ಅಡ್ವಾನ್ಸ್ ಮಾಡಿದಷ್ಟೂ ಹತ್ತಿರ. ಅಂದ್ರೆ ಇನ್‌ಟೇಕ್ ಪ್ಲಸ್, ಎಕ್ಸಾಸ್ಟ್ ಮೈನಸ್, ಎರಡೂ ಅಪಾಯದ ದಿಕ್ಕೇ. ಫ್ರೆಂಡ್ ಕಾರಲ್ಲಿ ಜಾಗ ಇತ್ತು. ಇವರ ಕಾರಲ್ಲಿ ಜಾಗ ಇದೆಯೋ ಇಲ್ವೋ ಯಾರೂ ನೋಡಿರಲಿಲ್ಲ.

ಆ ಜಾಗ ನೋಡೋಕೆ ಮೆಕ್ಯಾನಿಕ್‌ಗಳು ಬಳಸೋ ಹಳೆ ಉಪಾಯ ಮಕ್ಕಳು ಆಡೋ ಜೇಡಿಮಣ್ಣು, ಅದೇ ಕ್ಲೇ. ಹೆಡ್ ಬಿಚ್ಚಿದಾಗ ಪಿಸ್ಟನ್ ಮೇಲೆ ವಾಲ್ವ್ ಬರೋ ಕಡೆ ಅಂಟಿಸಿ, ಹೆಡ್ ಕೂರಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ಎಷ್ಟು ದಪ್ಪ ಉಳಿದಿದೆ ಅಂತ ಅಳೆಯೋದು. ಇನ್‌ಟೇಕಿಗೆ ಸುಮಾರು 2 ಮಿ.ಮೀ., ಎಕ್ಸಾಸ್ಟಿಗೆ ಸುಮಾರು 2.5 ಮಿ.ಮೀ. ಇರಲಿ ಅನ್ನೋದು ಎಂಜಿನ್ ಕಟ್ಟೋರ ರೂಢಿಯ ಲೆಕ್ಕ. ಎಕ್ಸಾಸ್ಟಿಗೆ ಜಾಸ್ತಿ ಯಾಕೆ? ಆ ವಾಲ್ವ್ ಜಾಸ್ತಿ ಬಿಸಿಯಾಗಿ ಹಿಗ್ಗತ್ತೆ. ಜೊತೆಗೆ ಜೋರು ಆರ್‌ಪಿಎಂನಲ್ಲಿ ಸ್ಪ್ರಿಂಗ್ ಹಿಂದೆ ಬಿದ್ರೆ ಪಿಸ್ಟನ್ ಅದನ್ನೇ ಅಟ್ಟಿಸ್ಕೊಂಡು ಬರತ್ತೆ.

ಅಳತೆ ಆಯ್ತು. ಇನ್ನು ತಿರುಗಿಸೋದು. ಇಲ್ಲೂ ಕೆಲವು ಮಾತು.

ಬೆಲ್ಟ್ ತೆಗೆದಾಗ ವಾಲ್ವ್ ಸ್ಪ್ರಿಂಗ್ ಒತ್ತಡಕ್ಕೆ ಕ್ಯಾಮ್ ಪಟಕ್ ಅಂತ ತಾನಾಗೇ ತಿರುಗಬಹುದು. ಬೆರಳು ಹುಷಾರು, ವಾಲ್ವೂ ಹುಷಾರು. ಗೇರ್ ಬೋಲ್ಟನ್ನ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ, ಗೇರ್ ತಯಾರಿಸಿದೋರು ಹೇಳಿದ ಅಳತೆಗೆ. ಓಡೋವಾಗ ಆ ಬೋಲ್ಟ್ ಸಡಿಲ ಆದ್ರೆ ಟೈಮಿಂಗ್ ತಾನಾಗೇ ಜಾರತ್ತೆ, ಮಿಕ್ಕಿದ್ದು ನಿಮಗೆ ಗೊತ್ತು. ಟೆನ್ಷನರ್ ಹೊಂದಿಸಿದ ಮೇಲೆ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಸುಮಾರು 15 ನಿಮಿಷ ಹಾಗೇ ಬಿಡಿ. ಆಮೇಲೆ ಟೆನ್ಷನರ್ ರಾಡ್ ಎಷ್ಟು ಹೊರಗಿದೆ ಅಂತ ಮ್ಯಾನುಯಲ್ ಜೊತೆ ಹೋಲಿಸಿ. ಕೈಯಲ್ಲಿ ತಿರುಗಿಸುವಾಗ ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಜೋರು ಮಾಡಬೇಡಿ. ಅದು ವಾಲ್ವ್ ಮತ್ತು ಪಿಸ್ಟನ್ ಕೈಕುಲುಕ್ತಿರೋದು. ಕೈಯಲ್ಲಿ ಗೊತ್ತಾಗೋ ತಪ್ಪು ಸ್ಟಾರ್ಟರ್‌ಗೆ ಗೊತ್ತಾಗಲ್ಲ.

ಕೆಲವು ಎಂಜಿನ್‌ಗಳಲ್ಲಿ ಇನ್ನೊಂದು ಗುಂಡಿ ಇದೆ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಎಂಜಿನ್ ತಗೊಳ್ಳಿ. ಅದರಲ್ಲಿ ಸ್ಪಾರ್ಕ್ ಯಾವಾಗ ಅಂತ ಹೇಳೋ ಸೆನ್ಸರ್ ಎಕ್ಸಾಸ್ಟ್ ಕ್ಯಾಮಿಗೇ ಜೋಡಿಸಿದೆ. ಎಕ್ಸಾಸ್ಟ್ ಗೇರ್ ತಿರುಗಿಸಿದ್ರೆ ಗೊತ್ತಿಲ್ಲದ ಹಾಗೆ ಇಗ್ನಿಷನ್ ಟೈಮಿಂಗೂ ತಿರುಗತ್ತೆ. ಟೈಮಿಂಗ್ ಲೈಟ್ ಹಿಡಿದು ಮತ್ತೆ ಸರಿ ಮಾಡ್ಲೇಬೇಕು.

ಕೊನೆಗೆ ಡೈನೊ, ಅಂದ್ರೆ ಕಾರನ್ನ ರೋಲರ್ ಮೇಲೆ ನಿಲ್ಲಿಸಿ ಪವರ್ ಅಳೆಯೋ ಯಂತ್ರ. ಮೊದಲು ಈಗಿರೋ ಸ್ಥಿತಿಯಲ್ಲಿ ಎರಡು ಮೂರು ಸಲ ಓಡಿಸಿ ಗೆರೆ ತಗೊಳ್ಳಿ. ಆಮೇಲೆ ಒಂದೇ ಕ್ಯಾಮ್, ಒಂದೇ ದಿಕ್ಕು, ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ. ಮತ್ತೆ ಓಡಿಸಿ. ಬೂಸ್ಟ್, ಪೆಟ್ರೋಲ್, ಗಾಳಿಯ ಬಿಸಿ, ಎಲ್ಲ ಹಿಂದಿನ ಸಲದ ಹಾಗೇ ಇರಬೇಕು. ಎರಡು ವಿಷಯ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಸಾಧ್ಯ ಆದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಒಂದು ಸಣ್ಣ ಲೋಹದ ನಳಿಕೆ ಹಾಕಿಸಿ ಬ್ಯಾಕ್‌ಪ್ರೆಶರ್ ಅಳೆಯಿರಿ. ಆಗ ಓವರ್‌ಲ್ಯಾಪ್ ನಿಮ್ಮ ಸ್ನೇಹಿತನೋ ಶತ್ರುವೋ ಅನ್ನೋದು ಊಹೆ ಆಗಿ ಉಳಿಯಲ್ಲ. ಕ್ಯಾಮ್ ಸರಿಸಿದಾಗ ಸಿಲಿಂಡರ್ ತುಂಬೋ ಗಾಳಿಯೇ ಬದಲಾಗತ್ತೆ, ಹಾಗಾಗಿ ಇಸಿಯುನಲ್ಲಿ ಪೆಟ್ರೋಲ್ ಮತ್ತು ಸ್ಪಾರ್ಕ್ ಲೆಕ್ಕವನ್ನೂ ಮತ್ತೆ ನೋಡಬೇಕು. ನಾಕಿಂಗ್ ಕೇಳಿಸಿದ್ರೆ ಕಾಲು ತೆಗೀರಿ, ಅವತ್ತಿನ ಆಟ ಮುಗೀತು.

ಇನ್ನೊಂದು ಪ್ರಶ್ನೆ ನಿಮ್ಮ ತಲೆಯಲ್ಲಿ ಬಂದಿರತ್ತೆ. ಒಂದೇ ಸೆಟಿಂಗ್ ಕೆಳಗೂ ಸರಿ, ಮೇಲೂ ಸರಿ ಆಗಲ್ಲ ಅಂದ್ರೆ, ಓಡ್ತಾ ಓಡ್ತಾನೇ ಬದಲಾಯಿಸಿದ್ರೆ? ಮಿತ್ಸುಬಿಷಿಯೂ ಅದನ್ನೇ ಮಾಡ್ತು. 2005ರ ಎವೊ 9ರಲ್ಲಿ ಇನ್‌ಟೇಕ್ ಕ್ಯಾಮಿಗೆ ಮೈವೆಕ್ ಅನ್ನೋ ವ್ಯವಸ್ಥೆ ಬಂತು. ಆಯಿಲ್ ಒತ್ತಡದಿಂದ ಕ್ಯಾಮ್ ಮುಂದೆ ಹಿಂದೆ ಸರಿಯತ್ತೆ, ಎಷ್ಟು ಅಂತ ಇಸಿಯು ನಿರ್ಧರಿಸತ್ತೆ. ಎಕ್ಸಾಸ್ಟ್ ಕ್ಯಾಮ್ ಮಾತ್ರ ಮೊದಲಿನ ಹಾಗೇ ಉಳೀತು. ಇವತ್ತಿನ ಹೆಚ್ಚಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ವಿವಿಟಿ ಅಂತ ಬರೆದಿರೋದು ಇದೇ ಕೆಲಸಕ್ಕೆ. ಆಯಿಲ್ ಟೈಮಿಗೆ ಬದಲಾಯಿಸಿ ಅಂತ ಸರ್ವಿಸ್‌ನವರು ಹೇಳೋದನ್ನ ಉಡಾಫೆ ಮಾಡಬೇಡಿ. ಆ ಆಯಿಲೇ ನಿಮ್ಮ ಕ್ಯಾಮ್ ತಿರುಗಿಸ್ತಿರೋ ಕೈ. ಆಯಿಲ್ ಕೊಳಕಾದ್ರೆ ಕೈ ಮರಗಟ್ಟತ್ತೆ.

ಕರ್ನಾಟಕದ ಕೇಳುಗರಿಗೆ ಒಂದು ಕಿವಿಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರ ಮತ್ತು ಆರ್‌ಸಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಒತ್ತಿ ಹೇಳಿದೆ. ಈ ಆಟ ಟ್ರ್ಯಾಕಿಗೆ, ರ‍್ಯಾಲಿಗೆ. ನೈಸ್ ರೋಡಿಗಲ್ಲ.

ಸರಿ, ಶಾರ್ಜಾದ ಕಥೆ ಏನಾಯ್ತು? ಎರಡೂ ಕ್ಯಾಮನ್ನ ಗೇರಿನಲ್ಲಿ 2 ಡಿಗ್ರಿ ಮುಂದೆ ತಂದು, ಕಾರ್ಡಿನ ಪ್ರಕಾರ 110, 110ಕ್ಕೆ ಕೂರಿಸಿದ್ರು. ಗೇರ್ ಮೇಲಿನ ಗೆರೆ ಈಗ ಸೊನ್ನೆ ತೋರಿಸಲ್ಲ, ಆದ್ರೆ ಎಂಜಿನ್ ಸೊನ್ನೆಯಲ್ಲಿದೆ. ಗೊತ್ತಿರೋ ಒಬ್ಬ ಟ್ಯೂನರ್ ಹತ್ರ ಡೈನೊ ಮೇಲೆ ಎಕ್ಸಾಸ್ಟನ್ನ ಇನ್ನೂ 2 ಡಿಗ್ರಿ ಮುಂದೆ ಮಾಡಿ ನೋಡಿದ್ರು, ಫ್ರೆಂಡ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ ದಿಕ್ಕು. ಟರ್ಬೊ ಮೊದಲಿಗಿಂತ ಬೇಗ ಎದ್ದಿತು, ಮೇಲಿನ ಪವರ್ ಹೆಚ್ಚು ಕಡಿಮೆ ಅಲ್ಲೇ ಇತ್ತು. ಅಲ್ಲಿಗೇ ನಿಲ್ಲಿಸಿದ್ರು.

ಮೊನ್ನೆ ಮತ್ತೆ ವಾಯ್ಸ್ ಮೆಸೇಜ್ ಬಂತು. "ಅಣ್ಣಾ, ಗಾಡಿ ಹಾರಲಿಲ್ಲ. ಆದ್ರೆ ಈಗ ಸಲೀಸಾಗಿ ಎಳೀತದೆ ಮಾರಾಯ್ರೆ. ಮತ್ತೆ, ಫ್ರೆಂಡೂ ಈಗ ಡಿಗ್ರಿ ಚಕ್ರ ಸಾಲ ಕೇಳ್ತಿದ್ದಾರೆ."

ನಿಮಗೂ ಯಾರಾದ್ರೂ ಮ್ಯಾಜಿಕ್ ನಂಬರ್ ಕೊಟ್ರೆ ಮೂರು ಪ್ರಶ್ನೆ ಕೇಳಿ. ಅದು ಕ್ಯಾಮ್ ಡಿಗ್ರಿನಾ, ಕ್ರ್ಯಾಂಕ್ ಡಿಗ್ರಿನಾ? ನಿಮ್ಮ ಟರ್ಬೊ ಯಾವುದು? ನನ್ನ ಸೊನ್ನೆ ಎಲ್ಲಿದೆ? ಮೂರನೇದಕ್ಕೆ ಅವರ ಹತ್ರ ಉತ್ತರ ಇರಲ್ಲ. ಅದನ್ನ ನೀವೇ ಅಳೀಬೇಕು.

ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ರಾತ್ರಿ ಕೆಲಸ ಶುರು ಮಾಡೋ ಮುಂಚೆ ಕಳಿಸಿದ್ರೆ ಇನ್ನೂ ಒಳ್ಳೇದು. ಮುಂದಿನ ವಾರ ಸಿಗೋಣ, ನಮಸ್ಕಾರ.